ಅಪ್ಪನೋ, ಅಜ್ಜನೋ? ವಯಸ್ಸಿನ ಅಂತರದ ಮದುವೆ ಮತ್ತು ತಡವಾಗಿ ತಂದೆಯಾಗುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿಯವನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಹೋದ ವರ್ಷ ನಿವೃತ್ತನಾದೆ. ಮೊದಲ ಹೆಂಡತಿ ತೀರಿಕೊಂಡ ಆರು ವರ್ಷಗಳ ಮೇಲೆ, 47ರಲ್ಲಿ ಮತ್ತೆ ಮದುವೆಯಾದೆ. ಆಗ ಎರಡನೇ ಹೆಂಡತಿಗೆ 31. ನನಗೆ 49 ಆದಾಗ ಮಗಳು ಹುಟ್ಟಿದಳು. ಈಗ ನನಗೆ 61, ಮಗಳಿಗೆ 12. ಮೊದಲ ಮದುವೆಯ ಮಗನಿಗೆ 36, ಅವನ ಮಗನಿಗೆ 9. ಹಬ್ಬಕ್ಕೆ ಮನೆಗೆ ಬಂದರೆ ಆ ಹುಡುಗ ತನಗಿಂತ ಮೂರೇ ವರ್ಷ ದೊಡ್ಡವಳನ್ನು ಅತ್ತೆ ಎಂದು ಕರೆಯಬೇಕು, ಕರೆಯುವುದಿಲ್ಲ.

ಈ ಹನ್ನೆರಡು ವರ್ಷಗಳಲ್ಲಿ ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ, ಕಾಗದದಲ್ಲಿ, ಕೆಲವೊಮ್ಮೆ ರಾತ್ರಿ ಹತ್ತರ ಮೇಲೆ ಫೋನಿನಲ್ಲಿ ಜನ ನನ್ನನ್ನು ಕೇಳಿದ್ದನ್ನು ಇಲ್ಲಿ ಕೂಡಿಸಿದ್ದೇನೆ. ಕೊಪ್ಪಳದವರು, ರಾಯಚೂರಿನವರು, ಸಿರುಗುಪ್ಪ–ಬಳ್ಳಾರಿ ಕಡೆಯವರು, ಎಲ್ಲರೂ ಇದ್ದಾರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಪಾಠ ಮಾಡುವವನಿಗೆ ಓದಿಕೊಂಡು ಹೋಗುವ ಚಟ ಇರುತ್ತದೆ, ಅಷ್ಟೇ.

## ಎಲ್ಲರೂ ಮೊದಲು ಕೇಳುವವು

ಎಷ್ಟು ವರ್ಷದ ಅಂತರವಾದರೆ ಹೆಚ್ಚು ಎನ್ನಬೇಕು?

ಕಾನೂನಿನಲ್ಲಿ ಅಂತರಕ್ಕೆ ಅಳತೆಯಿಲ್ಲ. ಹೆಣ್ಣಿಗೆ 18, ಗಂಡಿಗೆ 21 ತುಂಬಿದ್ದರೆ ಮುಗಿಯಿತು. ಊರಿನ ಅಳತೆ ಬೇರೆ. ನಮ್ಮ ಕಡೆ ನಾಲ್ಕೈದು ವರ್ಷವನ್ನು ಯಾರೂ ಎಣಿಸುವುದೇ ಇಲ್ಲ. ಎಂಟು ದಾಟಿದರೆ ಬೀಗರ ಪಂಕ್ತಿಯಲ್ಲಿ ಪಿಸುಮಾತು, ಹತ್ತು ದಾಟಿದರೆ "ಎರಡನೇ ಸಂಬಂಧವೇ?" ಎಂಬ ಪ್ರಶ್ನೆ.

ನಾನಾದರೆ ಅಂತರಕ್ಕಿಂತ ಮೊದಲು ಕಿರಿಯರ ವಯಸ್ಸನ್ನು ಕೇಳುತ್ತೇನೆ. 31ರ ಹೆಣ್ಣು 47ರವನನ್ನು ಒಪ್ಪುವುದೂ 19ರ ಹುಡುಗಿ 35ರವನನ್ನು ಒಪ್ಪುವುದೂ ಕಳೆಯುವ ಲೆಕ್ಕಕ್ಕೆ ಒಂದೇ, 16 ವರ್ಷ. ಆದರೆ ಮೊದಲನೆಯವಳು ನಾಲ್ಕು ಸಂಬಂಧಗಳಿಗೆ ಬೇಡ ಎಂದು ಹೇಳಿ ನೋಡಿದವಳು. ಎರಡನೆಯವಳ ಪರವಾಗಿ ಬಹುಮಟ್ಟಿಗೆ ಸೋದರಮಾವನೋ ದೊಡ್ಡಪ್ಪನೋ ಹೂಂಗುಟ್ಟಿರುತ್ತಾನೆ.

ನಮ್ಮ ಮುತ್ತಜ್ಜ ಎಪ್ಪತ್ತೈದರಲ್ಲಿ ಗಂಡುಮಗ ಪಡೆದನಂತೆ. ಗಂಡಸಿಗೆ ಎಂಥ ವಯಸ್ಸು?

ಮುತ್ತಜ್ಜನ ವಯಸ್ಸನ್ನು ಯಾರು ಬರೆದಿಟ್ಟಿದ್ದರು? ನಮ್ಮ ಭಾಗದ ಹಿರಿಯರಿಗೆ ಜನ್ಮದಿನಾಂಕ ಇರಲಿಲ್ಲ. "ರಜಾಕಾರರ ಗಲಾಟೆಯಾದಾಗ ದನ ಕಾಯುತ್ತಿದ್ದೆ" ಎಂದರೆ 1948ಕ್ಕೆ ಸುಮಾರು ಹತ್ತು, "(ತುಂಗಭದ್ರಾ) ಡ್ಯಾಮ್ ಕಟ್ಟುವಾಗ ಮೀಸೆ ಬಂದಿತ್ತು" ಎಂದರೆ 1953ಕ್ಕೆ ಹದಿನೆಂಟು. ಈ ಲೆಕ್ಕದಲ್ಲಿ ಹತ್ತು ವರ್ಷ ಹಿಂದೆಮುಂದೆ ಆಗುವುದು ದೊಡ್ಡದಲ್ಲ. ಮೇಲಾಗಿ, ಗಂಡಸುತನದ ಕಥೆ ಹೇಳುವಾಗ ವಯಸ್ಸು ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಆದರೂ ಮಾತಿನಲ್ಲಿ ಅರ್ಧ ಸತ್ಯವಿದೆ. ಹೆಣ್ಣಿಗೆ ಮುಟ್ಟು ನಿಲ್ಲುವ ಹಾಗೆ ಗಂಡಿಗೆ ಒಂದು ಗೆರೆಯಿಲ್ಲ. ಪ್ರಾಯದಿಂದ ಸಾಯುವವರೆಗೂ ವೃಷಣದಲ್ಲಿ ವೀರ್ಯಾಣು ತಯಾರಾಗುತ್ತಲೇ ಇರುತ್ತದೆ, ಒಂದು ತಂಡ ಸಿದ್ಧವಾಗಲು ಸುಮಾರು 74 ದಿನ. ಆದರೆ ಕಾರ್ಖಾನೆ ನಡೆಯುತ್ತಿದೆ ಎಂದರೆ ಯಂತ್ರ ಸವೆದಿಲ್ಲ ಎಂದಲ್ಲ. ನಲವತ್ತರ ಮೇಲೆ ವೀರ್ಯದ ಪ್ರಮಾಣ, ವೀರ್ಯಾಣುಗಳ ಚಲನೆ ಎರಡೂ ನಿಧಾನವಾಗಿ ಇಳಿಯುತ್ತವೆ, ಗರ್ಭ ನಿಲ್ಲಲು ಹೆಚ್ಚು ತಿಂಗಳು ಹಿಡಿಯುತ್ತದೆ.

ದಾಖಲೆಯಿರುವ ಉದಾಹರಣೆ ಬೇಕಿದ್ದರೆ ಚಾರ್ಲಿ ಚಾಪ್ಲಿನ್. 1889ರಲ್ಲಿ ಹುಟ್ಟಿದ ಆತ 1962ರಲ್ಲಿ, 73ನೇ ವಯಸ್ಸಿನಲ್ಲಿ ಕೊನೆಯ ಮಗನ ತಂದೆಯಾದ. ಈ ಸುದ್ದಿಯನ್ನು ನನಗೆ ಮೀಸೆ ತಿರುವುತ್ತ ಹೇಳಿದವರು ಇದ್ದಾರೆ. 1977ರ ಕ್ರಿಸ್‌ಮಸ್ ದಿನ ಚಾಪ್ಲಿನ್ ತೀರಿಕೊಂಡಾಗ ಆ ಹುಡುಗನಿಗೆ 15 ಎಂಬುದನ್ನು ಅವರಲ್ಲಿ ಯಾರೂ ಹೇಳಲಿಲ್ಲ. ಕೂಸು ಹುಟ್ಟಿದಾಗ ಅಪ್ಪನಿಗೆ ಎಷ್ಟು ಎಂದು ಊರೆಲ್ಲ ಕೇಳುತ್ತದೆ. ಕೂಸು ಎಸ್ಸೆಸ್ಸೆಲ್ಸಿಗೆ ಬಂದಾಗ ಎಷ್ಟು ಎಂಬುದನ್ನು ಅಪ್ಪನೊಬ್ಬನೇ ಲೆಕ್ಕ ಹಾಕಬೇಕು. ನನ್ನದು 65.

ಹುಡುಗಿಗೆ ಹದಿನೇಳು ನಡೆಯುತ್ತಿದೆ, ಎರಡೂ ಮನೆಯವರು ಒಪ್ಪಿದ್ದಾರೆ. ದೇವಸ್ಥಾನದಲ್ಲಿ ತಾಳಿ ಕಟ್ಟಿದರೆ ಏನು ತೊಂದರೆ?

ತೊಂದರೆ ಜೈಲು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ತಾಳಿ ಕಟ್ಟಿದವನಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಮಾಡಿಸಿದವರಿಗೂ, ತಡೆಯದ ಪೋಷಕರಿಗೂ ಶಿಕ್ಷೆ ಉಂಟು. ಕರ್ನಾಟಕದ ತಿದ್ದುಪಡಿಯಂತೆ ಇಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಆಗಲೇ ಇಲ್ಲ ಎಂದು ಲೆಕ್ಕ. ಹುಡುಗಿ ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದ ದಿನ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ವಿರುದ್ಧದ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ಹೆಂಡತಿಯೇ ಆದರೂ 18 ತುಂಬದವಳೊಂದಿಗೆ ದೇಹ ಸಂಬಂಧ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಇಂಥ ಮದುವೆಯ ಸುದ್ದಿ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ. ಈ ಪ್ರಶ್ನೆಗೆ ನನ್ನಲ್ಲಿ ಇದಕ್ಕಿಂತ ಮೃದುವಾದ ಉತ್ತರವಿಲ್ಲ.

ಕನ್ಯೆ ಸಿಗದೆ ನಲವತ್ತಾಯಿತು. ಮಕ್ಕಳಾಗಬೇಕಾದರೆ ಇಪ್ಪತ್ತೆರಡರ ಹುಡುಗಿಯನ್ನೇ ನೋಡಬೇಕಲ್ಲವೇ?

ಇದನ್ನು ಕೇಳುವವರಲ್ಲಿ ಹೆಚ್ಚಿನವರು ರೈತರು, ಕೆಟ್ಟವರೇನೂ ಅಲ್ಲ. ಸಂಬಂಧ ನೋಡಲು ಬಂದವರು ಎಕರೆ ಎಷ್ಟು ಎಂದು ಕೇಳುವುದು ಹಳೆಯ ಕಾಲವಾಯಿತು. ಈಗ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗವೋ, ನೀರು ಸರಿಯಾಗಿ ತಲುಪದ ಕೊನೆಭಾಗವೋ ಎಂದು ಕೇಳುತ್ತಾರೆ. ಮಾನ್ವಿ, ಸಿರವಾರ ಕಡೆ ಕೊನೆಭಾಗ ಎಂದರೆ ಚಹಾ ಕುಡಿದು ಎದ್ದು ಹೋಗುತ್ತಾರೆ. ಆಮೇಲೆ ಅವರಿಗೆ ಹೊಲದಲ್ಲಿ ದುಡಿಯದ, ತಿಂಗಳ ಸಂಬಳದ ಅಳಿಯ ಸಿಗುತ್ತಾನೆ. ಹೀಗೆ ವರ್ಷಗಳು ಜಾರಿ 40 ಆಗುತ್ತದೆ.

ಆದರೆ ಮಕ್ಕಳಿಗಾಗಿ 22 ಬೇಕೇಬೇಕು ಎಂಬುದು ಸುಳ್ಳು. ಹೆಣ್ಣಿನ ಗರ್ಭಧಾರಣೆಯ ಸಾಮರ್ಥ್ಯ ಗಮನಕ್ಕೆ ಬರುವಷ್ಟು ಇಳಿಯುವುದು 35ರ ಸುತ್ತಮುತ್ತ. 30–33ರ, ಒಮ್ಮೆ ಮದುವೆ ಮುರಿದ ಅಥವಾ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು ಪ್ರತಿ ಓಣಿಯಲ್ಲಿದ್ದಾರೆ. ಹಿಂದೆ ಎಷ್ಟೋ ಸಮುದಾಯಗಳಲ್ಲಿ ಉಡಿಕೆ, ಸೀರುಡಿಕೆ ಎಂದು ಮರುಮದುವೆಗೆ ಸರಳ ದಾರಿಯಿತ್ತು. ಸ್ವಲ್ಪ ಓದಿ, ಸ್ವಲ್ಪ ದುಡ್ಡು ಕಂಡ ಮೇಲೆ ನಾವೇ ಅದನ್ನು ಕೀಳು ಮಾಡಿಕೊಂಡೆವು. "ಮಗುವಿರುವ ವಿಧವೆ ಬೇಡ" ಎನ್ನುವ 40ರ ವರನಿಗೆ ನಾನು ಕೇಳುವುದಿಷ್ಟೇ: ತಂದೆಯಾಗಬೇಕು ಎಂದಿಯಲ್ಲ, ತಯಾರಾದ ಕೂಸು ಎದುರಿಗಿದ್ದರೆ ಏಕೆ ಮುಖ ತಿರುಗಿಸುತ್ತೀ?

ದಲ್ಲಾಳಿಗೆ ದುಡ್ಡು ಕೊಟ್ಟು ಬೇರೆ ರಾಜ್ಯದಿಂದ ಹುಡುಗಿ ತರುವ ಮಾತು ಬಂದರೆ ಅವಳ ವಯಸ್ಸಿನ ದಾಖಲೆಯನ್ನು ಕಣ್ಣಾರೆ ನೋಡಿ. ದಲ್ಲಾಳಿ ಪಕ್ಕದಲ್ಲಿ ಇಲ್ಲದಾಗ, ಅವಳಿಗೆ ತಿಳಿಯುವ ಭಾಷೆಯಲ್ಲಿ, ಅವಳನ್ನೇ ಕೇಳಿ. ಅದಕ್ಕೆ ಅವಕಾಶ ಕೊಡದಿದ್ದರೆ ಎದ್ದು ಬನ್ನಿ.

ನೌಕರಿ, ಪಿಂಚಣಿ ನೋಡಿಯೇ ಒಪ್ಪಿದಳು ಅಲ್ಲವೇ?

ಈ ಪ್ರಶ್ನೆ ನನಗಲ್ಲ, ನನ್ನ ಹೆಂಡತಿಗೆ ಕೇಳಿದ್ದು, ಒಂದು ಕುಬಸದ (ಸೀಮಂತದ) ಕಾರ್ಯಕ್ರಮದಲ್ಲಿ, ಹತ್ತು ಜನರ ಎದುರಿಗೆ. ಹೌದು, ಅದನ್ನೂ ನೋಡಿದೆ, ನೀವು ನಿಮ್ಮ ಮಗಳಿಗೆ ನೌಕರಿಯಿಲ್ಲದವನನ್ನು ನೋಡಿದಿರಾ ಎಂದು ಅವಳು ತಿರುಗಿ ಕೇಳಿದಳು. ವರದಕ್ಷಿಣೆ ಕೊಡಲಾಗದ ಮನೆಯ ಮೂರನೇ ಮಗಳು ಅವಳು. ತಂಗಿಯ ಮದುವೆ ಮೊದಲೇ ಆಗಿತ್ತು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು, ಅವಳೇ ಹೇಳಿದ್ದಳು.

ನನಗೆ ಗೊತ್ತಿರದಿದ್ದ ಒಂದು ಸಂಗತಿ ಮದುವೆಯಾಗಿ ಮೂರು ವರ್ಷಕ್ಕೆ ತಿಳಿಯಿತು. ನಾನು ನನ್ನ ವಯಸ್ಸಿನ ಲೆಕ್ಕ ಹಾಕುತ್ತ ಕುಳಿತಿದ್ದಾಗ ಅವಳು ತನ್ನ ಒಂಟಿತನದ ವರ್ಷಗಳನ್ನು ಎಣಿಸಿಟ್ಟಿದ್ದಳು. ನಾನು 75ಕ್ಕೆ ಹೋದರೆ ಅವಳಿಗೆ 59. ಮುಂದಿನ ಇಪ್ಪತ್ತು ವರ್ಷ ಎಲ್ಲಿ, ಯಾರ ಮನೆಯಲ್ಲಿ, ಯಾವ ದುಡ್ಡಿನಲ್ಲಿ? ಹಿರಿಯ ವರ ಈ ಮಾತನ್ನು ತಾನಾಗಿ ಎತ್ತದಿದ್ದರೆ ಅವಳು ಒಬ್ಬಳೇ ಎಣಿಸುತ್ತಿರುತ್ತಾಳೆ.

## ದೇಹದ ಪ್ರಶ್ನೆಗಳು

ಮದುವೆಯಾಗಿ ಎರಡು ವರ್ಷ, ಗರ್ಭ ನಿಂತಿಲ್ಲ. ಅವಳಿಗೆ ಚಿಕ್ಕ ವಯಸ್ಸು, ಆದರೂ ಹೀಗೇಕೆ? ಯಾವ ದೇವರಿಗೆ ಹೋಗಬೇಕು?

ದೇವರಿಗೆ ಹೋಗುವುದು ನಿಮಗೆ ಬಿಟ್ಟದ್ದು, ಹುಲಿಗೆಮ್ಮನ ಗುಡಿ ನಮಗೂ ಹತ್ತಿರ. ಅದಕ್ಕೂ ಮೊದಲು ನೀವು, ಅಂದರೆ ಗಂಡ, ಪ್ರಯೋಗಾಲಯಕ್ಕೆ ಹೋಗಿ. ಒಂದು ವರ್ಷ ತಡೆಯಿಲ್ಲದೆ ಕೂಡಿದರೂ ಗರ್ಭ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು ಎಂಬುದು ನಿಯಮ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಮೊದಲ ಪರೀಕ್ಷೆ ವೀರ್ಯದ್ದೇ ಆಗಬೇಕು, ಏಕೆಂದರೆ ಅದು ಅಗ್ಗ, ನೋವಿಲ್ಲ, ಅರ್ಧ ದಿನದ ಕೆಲಸ. ಆದರೂ ನಮ್ಮಲ್ಲಿ ಹೆಂಡತಿಗೆ ಮೂರು ಸ್ಕ್ಯಾನು, ಎರಡು ಹರಕೆ, ಒಂದು ನಾಟಿ ಔಷಧಿ ಮುಗಿದ ಮೇಲೆ ಗಂಡನ ಸರದಿ ಬರುತ್ತದೆ.

ಎರಡರಿಂದ ಏಳು ದಿನ ಕೂಡದೆ ಇದ್ದು ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಗಿನ ಮಿತಿ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಶೇ 42ರಷ್ಟು ಚಲಿಸುತ್ತಿರಬೇಕು. ಸರಿಯಾದ ಆಕಾರದವು ಶೇ 4 ಇದ್ದರೂ ಸಾಕು. "ನೂರಕ್ಕೆ ತೊಂಬತ್ತಾರು ಕೆಟ್ಟಿವೆ" ಎಂದು ಅಳುತ್ತ ಫೋನು ಮಾಡಿದವನಿಗೆ ನಾನು ಈ ಕೊನೆಯ ಅಂಕಿ ಹೇಳಿ ಮಲಗಿಸಿದ್ದೇನೆ. ಒಂದು ವರದಿ ಕೆಟ್ಟು ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಜ್ವರ ಬಂದು ಹೋಗಿದ್ದರೂ ಅಂಕಿ ಬೀಳುತ್ತದೆ.

ಹುಡುಕಬೇಕಾದ ಕಾರಣಗಳಲ್ಲಿ ವಯಸ್ಸು ಒಂದು ಮಾತ್ರ. ವೃಷಣದ ರಕ್ತನಾಳ ಉಬ್ಬಿರುವುದು, ಪ್ರಾಯ ಬಂದ ಮೇಲೆ ಬಂದ ಮಂಗನಬಾವು, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ, ಇವನ್ನೂ ವೈದ್ಯರು ನೋಡುತ್ತಾರೆ.

ಇಪ್ಪತ್ತು ವರ್ಷದಿಂದ ಅಕ್ಕಿ ಗಿರಣಿಯ ಬಾಯ್ಲರ್ ಮುಂದೆ ಕೆಲಸ. ಅದರಿಂದ ಆಗಿರಬಹುದೇ?

ಆಗಿರಬಹುದು. ವೃಷಣಗಳು ದೇಹದ ಹೊರಗೆ ಜೋತುಬಿದ್ದಿರುವುದೇ ದೇಹಕ್ಕಿಂತ ಎರಡು–ಮೂರು ಡಿಗ್ರಿ ತಣ್ಣಗಿರಲಿ ಎಂದು. ಗಂಗಾವತಿಯ ಗಿರಣಿ, ಶಕ್ತಿನಗರದ ಕುಲುಮೆ, ತೋರಣಗಲ್ಲಿನ ಉಕ್ಕಿನ ಒಲೆ, ಇವುಗಳ ಮುಂದೆ ದಿನಕ್ಕೆ ಎಂಟು ತಾಸು ನಿಂತರೆ ಆ ಏರ್ಪಾಟು ಕೆಡುತ್ತದೆ. ಒಳ್ಳೆಯ ಸುದ್ದಿಯೆಂದರೆ ಶಾಖದ ಹಾನಿ ಬಹುಮಟ್ಟಿಗೆ ತಿರುಗಿ ಸರಿಹೋಗುತ್ತದೆ. ಮೇಲೆ ಹೇಳಿದ 74 ದಿನದ ಲೆಕ್ಕ ನೆನಪಿಡಿ: ಕೆಲಸದ ಜಾಗ ಬದಲಿಸಿ ಮೂರು ತಿಂಗಳ ನಂತರ ಪರೀಕ್ಷೆ ಮಾಡಿಸಿ, ಎರಡು ವಾರಕ್ಕೆ ಮಾಡಿಸಿ ನಿರಾಶರಾಗಬೇಡಿ. ತಂಬಾಕು ಬಿಟ್ಟವರಿಗೂ ಇದೇ ಗಡುವು. ಗುಟ್ಕಾ ಬಾಯಿಗೆ ಮಾತ್ರ ಕೆಟ್ಟದ್ದು ಎಂದುಕೊಂಡವರು ಬಹಳ.

ಶಕ್ತಿ ಬರಲು ಇಂಜೆಕ್ಷನ್ ಕೊಡುತ್ತಾರಂತೆ, ಮಾತ್ರೆಯೂ ಇದೆಯಂತೆ. ತೆಗೆದುಕೊಳ್ಳಲೇ?

ಇಂಜೆಕ್ಷನ್ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಆಗಿದ್ದರೆ, ಮಗು ಬೇಕೆನ್ನುವವನು ಮುಟ್ಟಲೇಬಾರದು. ಹೊರಗಿನಿಂದ ಹಾರ್ಮೋನು ಬಂದರೆ ಮಿದುಳು "ಸಾಕಷ್ಟಿದೆ" ಎಂದು ತಿಳಿದು ವೃಷಣಕ್ಕೆ ಕಳಿಸುವ ಸೂಚನೆಯನ್ನೇ ನಿಲ್ಲಿಸುತ್ತದೆ. ಮೈಯಲ್ಲಿ ಹುಮ್ಮಸ್ಸು ಏರುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು, ಮರಳಲು ತಿಂಗಳುಗಳು ಹಿಡಿಯುತ್ತವೆ. ಸಿಲ್ಡೆನಾಫಿಲ್ ಜಾತಿಯ ಮಾತ್ರೆ ಕೂಡುವುದಕ್ಕೆ ನೆರವಾಗುತ್ತದೆ, ವೀರ್ಯ ಹೆಚ್ಚಿಸುವುದಿಲ್ಲ. ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣ ಹೋಗಬಹುದು. ಔಷಧ ಅಂಗಡಿಯವನನ್ನು ಗುಟ್ಟಾಗಿ ಕೇಳುವ ಬದಲು ವೈದ್ಯರ ಎದುರು ಐದು ನಿಮಿಷ ನಾಚಿಕೊಳ್ಳಿ.

ಜಾತ್ರೆಯಲ್ಲಿ ಡೇರೆ ಹಾಕಿ ಲೇಹ್ಯ ಮಾರುವವರ ಬಗ್ಗೆ ಹೇಳುವುದಕ್ಕೆ ನನಗೆ ನೈತಿಕ ಹಕ್ಕಿಲ್ಲ, 48ರಲ್ಲಿ ನಾನೂ ಒಂದು ಡಬ್ಬಿ ಕೊಂಡಿದ್ದೆ. ಬೆಲ್ಲದ ರುಚಿಯಿತ್ತು.

ಅಪ್ಪನಿಗೆ ವಯಸ್ಸಾಗಿದ್ದರೆ ಮಗು ಸರಿಯಾಗಿ ಹುಟ್ಟುತ್ತದೆಯೇ? ನಿಜ ಹೇಳಿ.

ಹೆಚ್ಚಿನ ಮಕ್ಕಳು ಸರಿಯಾಗಿಯೇ ಹುಟ್ಟುತ್ತಾರೆ. ಅಪಾಯ ಸ್ವಲ್ಪ ಏರುತ್ತದೆ. ಎರಡೂ ಒಟ್ಟಿಗೆ ನಿಜ.

ಏಕೆ ಏರುತ್ತದೆ ಎಂಬುದನ್ನು ತರಗತಿಯಲ್ಲಿ ಹೇಳಿದ ಹಾಗೆಯೇ ಹೇಳುತ್ತೇನೆ. ಹೆಣ್ಣುಮಗು ತನ್ನ ಅಂಡಗಳನ್ನೆಲ್ಲ ಹುಟ್ಟುವಾಗಲೇ ತಂದಿರುತ್ತದೆ. ಗಂಡು ಹಾಗಲ್ಲ, ಮೂಲಕೋಶವೊಂದು ಪ್ರಾಯದಿಂದ ವರ್ಷಕ್ಕೆ ಸುಮಾರು 23 ಸಲ ಒಡೆದು ನಕಲಾಗುತ್ತ ಹೋಗುತ್ತದೆ. 20ರ ಯುವಕನ ವೀರ್ಯಾಣು ಸುಮಾರು 150 ನಕಲುಗಳನ್ನು ದಾಟಿ ಬಂದದ್ದು, 40ರವನದು 600ಕ್ಕೂ ಹೆಚ್ಚು. ಕೈಬರಹದ ಪಾಠವನ್ನು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡರೆ ಕೊನೆಯ ಬೆಂಚಿಗೆ ಬರುವಷ್ಟರಲ್ಲಿ ಒತ್ತಕ್ಷರ ಬಿಟ್ಟಿರುತ್ತದೆ. ಇಲ್ಲಿಯೂ ಅದೇ. ಐಸ್‌ಲ್ಯಾಂಡಿನಲ್ಲಿ ತಂದೆ, ತಾಯಿ, ಮಗು ಹೀಗೆ ಮೂವರ 1,548 ಗುಂಪುಗಳ ವಂಶವಾಹಿಯನ್ನು ಓದಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿನಲ್ಲಿ ಸರಾಸರಿ ಒಂದೂವರೆ ಹೊಸ ಬದಲಾವಣೆ ಕೂಡುತ್ತದೆ. ತಾಯಿಯ ಕಡೆಯಿಂದ ಕೂಡುವುದು ಅದರ ಕಾಲುಭಾಗದಷ್ಟು. ಮುನ್ನೂರು ಕೋಟಿ ಅಕ್ಷರಗಳ ಗ್ರಂಥದಲ್ಲಿ ಹತ್ತಿಪ್ಪತ್ತು ಅಕ್ಷರ ತಪ್ಪಿದರೆ ಬಹಳ ಸಲ ಏನೂ ಆಗುವುದಿಲ್ಲ. ಕೆಲವು ಜಾಗದಲ್ಲಿ ಒಂದೇ ಅಕ್ಷರ ಸಾಕು.

ಅಂಥ ಒಂದು ಜಾಗ ಕುಬ್ಜತೆಯ ಒಂದು ಬಗೆಯಾದ ಅಕಾಂಡ್ರೊಪ್ಲೇಸಿಯಾಕ್ಕೆ ಕಾರಣವಾದ ಜೀನು. ಈ ಮಕ್ಕಳು ಮನೆಯ ಕೊನೆಯ ಸಂತಾನವಾಗಿರುವುದು ಹೆಚ್ಚು ಎಂದು ಜರ್ಮನಿಯ ವೈದ್ಯ ವಿಲ್ಹೆಲ್ಮ್ ವೈನ್‌ಬರ್ಗ್ 1912ರಲ್ಲೇ ಗಮನಿಸಿದ್ದ. ತಂದೆಯ ವಯಸ್ಸೇ ಅದಕ್ಕೆ ಮೂಲ ಎಂದು 1955ರಲ್ಲಿ ಇಂಗ್ಲೆಂಡಿನ ಲಯನೆಲ್ ಪೆನ್‌ರೋಸ್ ತೋರಿಸಿದ. ಆದರೂ ಇದು ಸುಮಾರು 25,000 ಮಕ್ಕಳಲ್ಲಿ ಒಂದಕ್ಕೆ ಬರುವಂಥದ್ದು. ಅಪಾಯ ಕೆಲವು ಪಟ್ಟು ಏರಿದರೂ ಸಾವಿರಕ್ಕೆ ಒಂದನ್ನೂ ಮುಟ್ಟುವುದಿಲ್ಲ.

ಮಗು ಇತರರೊಂದಿಗೆ ಬೆರೆಯುವ ರೀತಿಯೇ ಬೇರೆಯಾಗುವ ಆಟಿಸಂ, ಭ್ರಮೆಗಳು ಕಾಡುವ ಮನೋರೋಗವಾದ ಸ್ಕಿಜೋಫ್ರೇನಿಯಾ, ಇವುಗಳ ಮಾತು ಇಷ್ಟು ನೇರವಲ್ಲ. ಜೆರುಸಲೇಮಿನ ಜನನಗಳನ್ನು ಆಧರಿಸಿದ 2001ರ ಅಧ್ಯಯನವೊಂದು, 25ರೊಳಗಿನ ತಂದೆಯರ ಮಕ್ಕಳಿಗೆ ಹೋಲಿಸಿದರೆ 50 ದಾಟಿದವರ ಮಕ್ಕಳಲ್ಲಿ ಸ್ಕಿಜೋಫ್ರೇನಿಯಾ ಸುಮಾರು ಮೂರು ಪಟ್ಟು ಎಂದಿತು. ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗೆ ಬರಬಹುದಾದದ್ದು ಮೂರಾಯಿತು ಎಂದರೆ ತೊಂಬತ್ತೇಳು ಮಂದಿಗೆ ಬರಲಿಲ್ಲ ಎಂದೂ ಓದಬೇಕು. ತಡವಾಗಿ ಮದುವೆಯಾಗುವ ಗಂಡಸರ ಸ್ವಭಾವದಲ್ಲೇ ಏನೋ ಇದ್ದು ಅದೇ ಮಗುವಿಗೆ ಬಂದಿರಬಹುದು ಎಂಬ ವಾದವೂ ಇದೆ. ಸಂಶೋಧಕರು ಇದನ್ನು ಇನ್ನೂ ಬಿಡಿಸುತ್ತಿದ್ದಾರೆ.

ಅಮೆರಿಕದ ನಾಲ್ಕು ಕೋಟಿ ಜನನಗಳನ್ನು ನೋಡಿದ 2018ರ ಅಧ್ಯಯನದಲ್ಲಿ ತಂದೆಗೆ 45 ಮೀರಿದ್ದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಶೇ 14ರಷ್ಟು ಹೆಚ್ಚಿತ್ತು. ಮಗುವಿನ ಬುದ್ಧಿ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಮಾತ್ರ ಮುಖ್ಯವಾಗಿ ತಾಯಿಯ ವಯಸ್ಸಿನದು: ಅವಳಿಗೆ 40 ಆಗಿದ್ದರೆ ಸುಮಾರು ನೂರಕ್ಕೆ ಒಂದು. ಅದನ್ನು ಅಪ್ಪನ ತಲೆಗೆ ಕಟ್ಟಬೇಡಿ.

ಅಕ್ಕನ ಮಗಳನ್ನೇ ಮಾಡಿಕೊಂಡಿದ್ದೇನೆ, ಹದಿಮೂರು ವರ್ಷದ ಅಂತರ. ಎರಡು ಅಪಾಯ ಕೂಡಿ ಇಮ್ಮಡಿಯಾಗುತ್ತದೆಯೇ?

ನಮ್ಮ ಭಾಗದ ವಯಸ್ಸಿನ ಅಂತರದ ಮದುವೆಗಳಲ್ಲಿ ಒಂದು ದೊಡ್ಡ ಪಾಲು ಇದೇ. ಹಿಂದೂ ವಿವಾಹ ಕಾಯ್ದೆ ಸಾಮಾನ್ಯವಾಗಿ ಸೋದರಮಾವ ಮತ್ತು ಅಕ್ಕ–ತಂಗಿಯ ಮಗಳ ಮದುವೆಯನ್ನು ನಿಷೇಧಿಸಿದರೂ ಸಮುದಾಯದಲ್ಲಿ ರೂಢಿಯಿದ್ದರೆ ಬಿಟ್ಟಿದೆ.

ಎರಡು ಅಪಾಯಗಳು ಬೇರೆ ಬೇರೆ ಬಾಗಿಲಿನಿಂದ ಬರುತ್ತವೆ. ತಂದೆಯ ವಯಸ್ಸಿನಿಂದ ಬರುವುದು ಹೊಸ ತಪ್ಪು, ವಂಶದಲ್ಲಿ ಹಿಂದೆ ಇರದದ್ದು. ರಕ್ತಸಂಬಂಧದಿಂದ ಬರುವುದು ಹಳೆಯ ತಪ್ಪು, ಅಜ್ಜ–ಅಜ್ಜಿಯಿಂದ ಸದ್ದಿಲ್ಲದೆ ಹರಿದು ಬಂದದ್ದು. ಒಂದೇ ಪ್ರತಿಯಿದ್ದಾಗ ಅದು ಕಾಣಿಸುವುದಿಲ್ಲ, ತಂದೆ–ತಾಯಿ ಇಬ್ಬರಿಂದಲೂ ಅದೇ ಪ್ರತಿ ಬಂದರೆ ಕಾಯಿಲೆ. ಸೋದರಮಾವನೂ ಸೊಸೆಯೂ ವಂಶವಾಹಿಯ ನಾಲ್ಕನೇ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಆದ್ದರಿಂದ ಅವರ ಮಗುವಿನಲ್ಲಿ ಎಂಟರಲ್ಲಿ ಒಂದು ಭಾಗ ಎರಡೂ ಕಡೆಯಿಂದ ಒಂದೇ ಆಗಿರುವ ಸಂಭವವಿದೆ. ಅತ್ತೆಯ ಮಗಳು, ಮಾವನ ಮಗಳಾದರೆ ಇದು ಹದಿನಾರರಲ್ಲಿ ಒಂದು. ಇವೆರಡರಲ್ಲಿ ಭಾರವಾದದ್ದು ನಿಸ್ಸಂದೇಹವಾಗಿ ರಕ್ತಸಂಬಂಧ, ನಿಮ್ಮ ವಯಸ್ಸಲ್ಲ. ಮನೆತನದಲ್ಲಿ ಕಿವುಡುತನ, ಬುದ್ಧಿಮಾಂದ್ಯ, ಕಾರಣ ತಿಳಿಯದೆ ಸತ್ತ ಕೂಸುಗಳು ಇದ್ದರೆ ಗರ್ಭಕ್ಕೆ ಮೊದಲೇ ಅನುವಂಶಿಕ ಸಲಹೆ ಕೊಡುವವರನ್ನು ಕಾಣಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿಂದಲೇ ವಿಚಾರಿಸಲು ಆರಂಭಿಸಿ.

ಗರ್ಭದಲ್ಲಿರುವಾಗಲೇ ಎಲ್ಲ ಗೊತ್ತಾಗುತ್ತದೆಯಲ್ಲ?

ಎಲ್ಲ ಇಲ್ಲ. ತಂದೆಯ ವಯಸ್ಸಿಗೆಂದೇ ಪ್ರತ್ಯೇಕ ಪರೀಕ್ಷೆಯಿಲ್ಲ. 18–20ನೇ ವಾರದ ಸ್ಕ್ಯಾನಿನಲ್ಲಿ ಹೃದಯ, ಬೆನ್ನುಹುರಿ, ಮೂತ್ರಪಿಂಡ ಕಾಣುತ್ತವೆ. ಅಕಾಂಡ್ರೊಪ್ಲೇಸಿಯಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ 24ನೇ ವಾರದ ನಂತರ. ಆಟಿಸಂ ಯಾವ ಸ್ಕ್ಯಾನಿನಲ್ಲೂ ಕಾಣದು. ಕೂಸು ಗಂಡೋ ಹೆಣ್ಣೋ ಎಂದು ಕೇಳುವುದು ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಯಡಿ ಅಪರಾಧ, "ಮೊದಲನೆಯವಳಿಗೆ ಹೆಣ್ಣೇ ಆಗಿದ್ದವು ಸಾರ್" ಎಂದು ಕಣ್ಣೀರಿಟ್ಟರೂ ಅಪರಾಧವೇ.

## ಕಾಯ್ದೆ, ಕಾಗದ

ನನಗೆ 56, ಅವಳಿಗೆ 38. ಹೈದರಾಬಾದಿಗೆ ಹೋಗಿ ಪ್ರನಾಳ ಶಿಶು ಮಾಡಿಸಬಹುದೇ?

ನಿಮ್ಮ ವೀರ್ಯದಿಂದ ಆಗದು. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ಗಂಡಸಿಗೆ 55, ಹೆಂಗಸಿಗೆ 50 ಎಂದು ಗೆರೆ ಎಳೆದಿದೆ. ಹೈದರಾಬಾದ್, ಹುಬ್ಬಳ್ಳಿ, ಬೆಂಗಳೂರು ಎಲ್ಲಕ್ಕೂ ಒಂದೇ ಕಾಯ್ದೆ. "ಆಧಾರಿನಲ್ಲಿ ವಯಸ್ಸು ತಿದ್ದಿಸಿಕೊಂಡು ಬನ್ನಿ" ಎಂದು ಸಲಹೆ ಕೊಡುವ ಮಧ್ಯವರ್ತಿಯಿಂದ ದೂರವಿರಿ. ಬಾಡಿಗೆ ತಾಯ್ತನಕ್ಕೂ ಗಂಡನಿಗೆ 55ರ ಮಿತಿಯೇ. ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಏರ್ಪಾಟು ಉಂಟು, ಆದರೆ ಅದು ಮೂವತ್ತರಲ್ಲಿ ಮಾಡುವ ಕೆಲಸ.

ದತ್ತು ಉಳಿಯುತ್ತದೆ, ಅಲ್ಲಿಯೂ ಲೆಕ್ಕವಿದೆ. 2022ರ ದತ್ತು ನಿಯಮಗಳು ದಂಪತಿಯ ವಯಸ್ಸನ್ನು ಕೂಡಿಸುತ್ತವೆ. ಎರಡು ವರ್ಷದೊಳಗಿನ ಮಗುವಿಗೆ ಮೊತ್ತ 85 ಮೀರಬಾರದು, ಎರಡರಿಂದ ನಾಲ್ಕಕ್ಕೆ 90, ನಾಲ್ಕರಿಂದ ಎಂಟಕ್ಕೆ 100. ನಿಮ್ಮ 56, ಅವಳ 38 ಕೂಡಿದರೆ 94, ಅಂದರೆ ನಾಲ್ಕು ದಾಟಿದ ಮಗು. ಹೆಂಡತಿ ಚಿಕ್ಕವಳಾಗಿದ್ದರಿಂದ ಲಾಭವಾಗುವ ಅಪರೂಪದ ಸರ್ಕಾರಿ ಲೆಕ್ಕ ಇದು.

ಮೊದಲ ಹೆಂಡತಿ ಮನೆಯಲ್ಲಿದ್ದಾಳೆ, ಮಕ್ಕಳಿಲ್ಲ. ಅವಳೇ ಇನ್ನೊಂದು ಮಾಡಿಕೋ ಎನ್ನುತ್ತಾಳೆ. ಆಗಬಹುದೇ?

ಹಿಂದೂ ಆಗಿದ್ದರೆ ಆಗದು. ಮೊದಲನೆಯವಳು ಸ್ಟಾಂಪ್ ಕಾಗದದ ಮೇಲೆ ಒಪ್ಪಿಗೆ ಬರೆದುಕೊಟ್ಟರೂ ಎರಡನೇ ಮದುವೆ ಅಸಿಂಧು, ಏಳು ವರ್ಷದವರೆಗೆ ಸಜೆಯಾಗುವ ಅಪರಾಧ. ಎರಡನೆಯವಳಿಗೆ ಹೆಂಡತಿಯ ಪಾಲು ಸಿಗುವುದಿಲ್ಲ. ಹುಟ್ಟಿದ ಕೂಸಿನ ತಪ್ಪೇನೂ ಇಲ್ಲವಾದ್ದರಿಂದ ಕಾಯ್ದೆ ಅದನ್ನು ಕೈಬಿಟ್ಟಿಲ್ಲ. ಅಂಥ ಮಕ್ಕಳು ನ್ಯಾಯಸಮ್ಮತ ಸಂತಾನವೇ. ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಬರುವಷ್ಟರಲ್ಲಿ ಅವರಿಗೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ಮತ್ತು ಆ "ಅವಳೇ ಹೇಳುತ್ತಾಳೆ" ಎಂಬ ಮಾತು. ಮಕ್ಕಳಾಗದಿದ್ದಕ್ಕೆ ಯಾರ ಪರೀಕ್ಷೆ ಆಗಿದೆ ಎಂದು ಕೇಳಿದಾಗ ಹತ್ತರಲ್ಲಿ ಒಂಬತ್ತು ಜನ ಮಾತು ಬದಲಿಸಿದ್ದಾರೆ.

ದೊಡ್ಡ ಮಗ ಮಾತು ಬಿಟ್ಟಿದ್ದಾನೆ. ಎರಡನೇ ಹೆಂಡತಿಯ ಮಗುವಿಗೆ ಪಾಲು ಕೊಡಬೇಕಾಗುತ್ತದೆಯೇ?

ಕೊಡುವುದು ಬಿಡುವುದು ನಿಮ್ಮ ಕೃಪೆಯಲ್ಲ, ಅದರ ಹಕ್ಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ನೀವು ಸ್ವಂತ ದುಡಿದು ಮಾಡಿದ್ದನ್ನು ಉಯಿಲು ಬರೆಯದೆ ಹೋದರೆ ಹೆಂಡತಿ, ಪ್ರತಿ ಮಗ, ಪ್ರತಿ ಮಗಳು, ಬದುಕಿದ್ದರೆ ನಿಮ್ಮ ತಾಯಿ, ಎಲ್ಲರಿಗೂ ಸಮಪಾಲು. ನೀವು ಸತ್ತಾಗ ಹೊಟ್ಟೆಯಲ್ಲಿದ್ದು ಆಮೇಲೆ ಜೀವಂತ ಹುಟ್ಟಿದ ಕೂಸಿಗೂ ಪಾಲುಂಟು. ಪಿತ್ರಾರ್ಜಿತದಲ್ಲಿ 2005ರಿಂದ ಮಗಳೂ ಹುಟ್ಟಿನಿಂದ ಪಾಲುದಾರಳು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನಿದೆ.

ಮಗ ಮಾತು ಬಿಡುವುದು ಹೊಸದಲ್ಲ. ಮುದಿ ಶಂತನು ಮೀನುಗಾರರ ಹುಡುಗಿಯನ್ನು ಬಯಸಿದಾಗ ಅವಳ ತಂದೆ ಕೇಳಿದ್ದು ಒಂದೇ, ನನ್ನ ಮಗಳ ಮಗುವಿಗೆ ಏನು ಸಿಗುತ್ತದೆ ಎಂದು. ಬೆಲೆ ತೆತ್ತವನು ಮೊದಲ ಮಗ ದೇವವ್ರತ. ನಾವು ಅವನ ಪ್ರತಿಜ್ಞೆಯನ್ನು ಹೊಗಳುತ್ತೇವೆ, ಅದನ್ನು ತಡೆಯದ ಅಪ್ಪನ ಬಗ್ಗೆ ಸುಮ್ಮನಿರುತ್ತೇವೆ. ನನ್ನ ಮಗನೂ ಎರಡು ವರ್ಷ ಮಾತಾಡಲಿಲ್ಲ. ಅವನ ತಾಯಿಯ ಒಡವೆಗಳನ್ನು ಪಟ್ಟಿ ಮಾಡಿ ಅವನ ಕೈಗಿಟ್ಟೆ, ಉಯಿಲನ್ನು ಅವನ ಎದುರೇ ಬರೆಸಿದೆ. ಉಯಿಲಿಗೆ ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಿ ಕಚೇರಿಗೆ ಹೋಗಿ ಮಾಡಿಸಿದೆ. ಮಾತು ಮರಳಿದ್ದು ಅದರಿಂದಲೋ, ತಂಗಿ ಅವನ ಹೆಗಲೇರಿ ಕುಳಿತದ್ದರಿಂದಲೋ ನಾನು ಹೇಳಲಾರೆ.

## ಮನೆಯೊಳಗಿನವು

ಶಾಲೆಯಲ್ಲಿ ಅಜ್ಜ ಬಂದರು ಎನ್ನುತ್ತಾರಂತಲ್ಲ, ಮಗುವಿಗೆ ಅವಮಾನವಾಗುವುದಿಲ್ಲವೇ?

ಮೊದಲು ನನಗಾಗುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು "ತಂದೆಯನ್ನು ಕಳಿಸಿ ಅಜ್ಜಾರೇ" ಎಂದ ದಿನ ಮನೆಗೆ ಬಂದು ಕೂದಲಿಗೆ ಬಣ್ಣ ಹಚ್ಚಿದೆ. ಮರುವಾರ ಹಣೆಯೆಲ್ಲ ತುರಿಕೆ. ಮಗಳು ಒಂದನೇ ತರಗತಿಯಲ್ಲಿ ಗೆಳತಿಯರಿಗೆ ಹೇಳಿಟ್ಟಿದ್ದಳು: ನಮ್ಮಪ್ಪ ಮೇಷ್ಟ್ರು, ಮೇಷ್ಟ್ರುಗಳು ಹೀಗೇ ಇರುತ್ತಾರೆ. ಅವರು ನಂಬಿದರು. ಅವಳಿಗೆ ಕಷ್ಟವಾಗುವುದು ಓಟದಲ್ಲಿ. ಪೋಷಕರ ಮೂರು ಕಾಲಿನ ಓಟಕ್ಕೆ ಅವಳು ಅಣ್ಣನಿಗೆ ಫೋನು ಮಾಡುತ್ತಾಳೆ. ಅವನು ಹೊಸಪೇಟೆಯಿಂದ ಬೈಕಿನಲ್ಲಿ ಬರುತ್ತಾನೆ.

ನೀವು ಹೋದ ಮೇಲೆ ಅವರಿಬ್ಬರ ಗತಿ?

ನೇರವಾಗಿ ಹೀಗೆ ಕೇಳಿದವರು ನನ್ನ ಹಿರಿಯ ಅಕ್ಕ. ಉತ್ತರ ಕಾಗದಗಳಲ್ಲಿದೆ. ಸೇವಾ ಪುಸ್ತಕದಲ್ಲಿ ಎರಡನೇ ಹೆಂಡತಿಯ, ಮಗಳ ಹೆಸರು ಸೇರಿಸಲು ಅರ್ಜಿ ಕೊಟ್ಟು ನಾಲ್ಕು ಸಲ ಓಡಾಡಿದೆ. ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ) ಪಾಲಿಸಿಯಲ್ಲಿ, ಬ್ಯಾಂಕಿನಲ್ಲಿ ತೀರಿಕೊಂಡ ಹೆಂಡತಿಯ ಹೆಸರೇ ನಾಮಿನಿಯಾಗಿ ಉಳಿದಿತ್ತು, ಬದಲಿಸಿದೆ. ನೀವೂ ಇವತ್ತೇ ನೋಡಿ, ಎರಡನೇ ಮದುವೆಯವರಲ್ಲಿ ಅರ್ಧ ಜನ ಇದನ್ನು ಮರೆತಿರುತ್ತಾರೆ. ನಿವೃತ್ತಿಯ ನಂತರ ಮದುವೆಯಾದ ಹೆಂಡತಿಗೂ ಆಮೇಲೆ ಹುಟ್ಟಿದ ಮಕ್ಕಳಿಗೂ ಕುಟುಂಬ ಪಿಂಚಣಿ ನಿರಾಕರಿಸುವುದು ಸರಿಯಲ್ಲ ಎಂದು ಕೇಂದ್ರ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನಿಮ್ಮ ಇಲಾಖೆಯ ನಿಯಮವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅಪ್ರಾಪ್ತ ಮಗುವಿನ ಹೆಸರಿನಲ್ಲಿ ಜಮೀನು ಬರೆದಿಟ್ಟರೆ ತಾಯಿಯೂ ನ್ಯಾಯಾಲಯದ ಅನುಮತಿಯಿಲ್ಲದೆ ಅದನ್ನು ಮಾರಲಾರಳು. ಓದಿಗೆ ದುಡ್ಡು ಬೇಕಾದಾಗ ಇದೇ ತೊಡಕಾಗಬಹುದು. ನಾನು ಹೊಲದ ಬದಲು ಠೇವಣಿ ಇಟ್ಟದ್ದು ಅದಕ್ಕೇ.

ಹೆಂಡತಿ ಮಗಳು ಶಾಲೆಗೆ ಸೇರಿದ ವರ್ಷವೇ ಅಂಗನವಾಡಿ ಕೆಲಸಕ್ಕೆ ಸೇರಿದಳು. ಗೌರವಧನ ಚಿಕ್ಕದು, ಆದರೆ ಖಾತೆ ಅವಳದೇ. ಕಾಗದಗಳೆಲ್ಲ ನಮ್ಮ ತಾಯಿಯ ಕಾಲದ ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಕೀಲಿ ಎಲ್ಲಿದೆ ಎಂಬುದು ಹೆಂಡತಿಗೂ ದೊಡ್ಡ ಮಗನಿಗೂ ಗೊತ್ತು. ಮಗಳಿಗೆ ಮುಂದಿನ ವರ್ಷ ಹೇಳಬೇಕು.